ಮಿರಗಕ್ಕ ಬರ್ತಾನ

ಅಕ್ಕಲಕೋಟ
19 ಮಾರ್ಚ್ 1974

ನೀಲಾ,

ಎರಡು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಯಾರೋ ಸತ್ತರೆಂದುಕೊಳ್ಳಬೇಡ. ನಾನು, ನಮ್ಮವರು, ಎಲ್ಲರೂ ಚೆನ್ನಾಗಿದ್ದೇವೆ. ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಸಾಲೆಯಲ್ಲಿ ಮಿಸ್ಸಿಗೆ ತೋರಿಸಲು ಇಬ್ಬರೂ ನಿಬಂಧ ಬರೆಯುತ್ತಿದ್ದ ಹಾಗಾಗುತ್ತದೆ. ಸುಳ್ಳೂ ಸರಾಗವಾಗಿ ಬರುತ್ತದೆ.

ಗರ್ಭಪಾತದ ಕಾಯದೆ ಬಂದ ವರ್ಷ ನಿಮ್ಮ ಮನೆಯ ಕಟ್ಟೆಯ ಮೇಲೆ ನಾವು ಜಗಳಾಡಿದ್ದು ನೆನಪಿದೆ ತಾನೆ. ‘ಇನ್ನು ಕಡ್ಡಿ ಹಾಕಿಸಿಕೊಂಡು ಸಾಯುವ ಹೆಂಗಸರು ಕಡಿಮೆಯಾಗುತ್ತಾರೆ’ ಎಂದೆ ನೀನು. ‘ಬಾಯಿಲ್ಲದ ಇನ್ನೊಂದು ಜೀವ ಸಾಯುತ್ತದಲ್ಲ’ ಎಂದೆ ನಾನು. ಇಬ್ಬರ ಚಹಾವೂ ಆರಿತು. ಆ ಮಾತು ಈಗಲೂ ಬಿಟ್ಟುಕೊಡಲಾರೆ, ನೀನೂ ಬಿಡುವವಳಲ್ಲ. ಆದರೆ ನಿನ್ನಿಂದ ಒಂದು ಕೆಲಸವಾಗಬೇಕಾಗಿದೆ.

ನಮ್ಮ ಚರ್ಚಿನ ಸಭೆಯ ಐದಾರು ಹೆಂಗಸರು ಸೇರಿ ಜೀವರಕ್ಷಾ ಮಂಡಳಿ ಮಾಡಿಕೊಂಡಿದ್ದೇವೆ. ಅಧ್ಯಕ್ಷೆ ನಿಮ್ಮ ಸೋಲಾಪುರದ ಸಾವಿತ್ರಿಬಾಯಿ. ಶನಿವಾರ ಸಾಲೆ ಬಿಟ್ಟ ಮೇಲೆ ನಾನು ಇಲ್ಲಿನ ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ಕೂಡುತ್ತೇನೆ. ಬಸಿರು ಇಳಿಸಿಕೊಳ್ಳಲು ಬಂದವರು ಸರದಿಗಾಗಿ ಅಲ್ಲೇ ಕಾಯುತ್ತಾರೆ. ಯಾರನ್ನೂ ತಡೆಯುವುದಿಲ್ಲ, ಹೆದರಿಸುವುದಿಲ್ಲ. ಪಕ್ಕದಲ್ಲಿ ಕುಳಿತು ಮಾತಾಡುತ್ತೇನೆ. ‘ಹೆರುವತನಕ ನಾವು ನೋಡಿಕೊಳ್ಳುತ್ತೇವೆ’ ಎನ್ನುತ್ತೇನೆ. ಬಹಳ ಜನ ಕೇಳಿಸಿಕೊಂಡು ಒಳಗೆ ಹೋಗುತ್ತಾರೆ.

ಹೋದ ಶನಿವಾರ ಒಬ್ಬಳು ಹೋಗಲಿಲ್ಲ. ಹೆಸರು ಸಕ್ಕುಬಾಯಿ, ಹನ್ನೂರಿನವಳು, ಕುರಿ ಸಾಕುವ ಮನೆಯ ಸೊಸೆ. ಗಂಡ ಸತ್ತು ಮೂರು ವರ್ಷ. ವಯಸ್ಸು ಇಪ್ಪತ್ತೆರಡಿದ್ದೀತು. ತವರಿನಲ್ಲಿ ಯಾರೂ ಇಲ್ಲ. ಅತ್ತೆಯೂ ಇಲ್ಲ. ಮಾವ ಅಮೋಗಸಿದ್ಧ ಒಬ್ಬನೇ. ‘ಮಾವಗ ಮಾತ ಕಡಿಮಿ, ಕೈ ಭಾಳ ರೀ’ ಎಂದಳು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಒಳಗಿರುವ ಕೂಸಿಗೆ ಈಗಲೇ ಕೈಕಾಲು ಮೂಡಿವೆ, ಅದರ ಎದೆ ಬಡಿಯುತ್ತದೆ ಎಂದೆ. ಅವಳು ನೆಲ ಕೆರೆಯುತ್ತ ಕುಳಿತಿದ್ದಳು. ನಡುನಡುವೆ ಒಂದೇ ಮಾತು: ‘ಅವ ಮಿರಗಕ್ಕ ಬರ್ತಾನ್ರಿ.’ ಆ ಬೇವಿನ ಗಿಡದ ಕೆಳಗೆ ಎಲ್ಲರಿಗೂ ಒಬ್ಬ ‘ಅವ’ ಇರುತ್ತಾನೆ ನೀಲಾ, ಎಲ್ಲ ‘ಅವ’ರೂ ಮೃಗಶಿರಾ ಮಳೆಗೋ ದೀಪಾವಳಿಗೋ ಬರುವವರೇ. ನಾನು ಆ ಮಾತನ್ನು ದಾಟಿ ಮುಂದೆ ಹೋದೆ.

ಕಡೆಗೆ ತಲೆಯೆತ್ತಿ ಕೇಳಿದಳು, ‘ಕೂಸು ಆದಮ್ಯಾಲ ಯಾರ ಒಯ್ತಾರ್ರಿ ಬಾಯಾರ?’

‘ಯಾರೂ ಒಯ್ಯೂದಿಲ್ಲ. ನಿನ್ನ ಹತ್ತಿರಾನ ಇರ್ತದ’ ಎಂದೆ.

ಆಗ ಎದ್ದು ನನ್ನ ಹಿಂದೆ ಬಂದಳು.

ಈಗ ನಮ್ಮ ಚರ್ಚಿನ ಅಂಗಳದ ಕೋಣೆಯಲ್ಲಿದ್ದಾಳೆ. ಹನ್ನೂರಿನವರು ಸಂತೆಗೆ ಇಲ್ಲಿಗೇ ಬರುತ್ತಾರೆ, ನೀರು ಕುಡಿಯಲು ನಮ್ಮ ಬಾವಿಗೇ ಬರುತ್ತಾರೆ. ಎಷ್ಟು ದಿನ ಬಚ್ಚಿಡಲಿ? ನಿಮ್ಮ ವಿಜಾಪುರ ರಸ್ತೆಯ ಮನೆಯಲ್ಲಿ ಹೆರುವತನಕ ಇಟ್ಟುಕೊಳ್ಳುತ್ತೀಯಾ? ಕಾಯದೆಯ ಮಾತು ಬೇರೆ, ಈ ಹುಡುಗಿಯ ಮಾತು ಬೇರೆ ಎಂದು ತಿಳಿದು ಉತ್ತರ ಬರಿ.

ಈಗಲೂ ನಿನ್ನವಳೇ ಆದ
ಸುಗಲಾ

•

ವಿಜಾಪುರ ರಸ್ತೆ, ಸೋಲಾಪುರ
2 ಏಪ್ರಿಲ್ 1974

ಸುಗಲಾ,

ಹುಡುಗಿ ಎಸ್.ಟಿ. ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿಕೊಂಡು ಕ್ಷೇಮವಾಗಿ ಬಂದಳು. ನೀನು ಕೊಟ್ಟ ಚೀಟಿಯನ್ನು ದೇವರ ಪ್ರಸಾದದ ಹಾಗೆ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಳು.

ನನ್ನ ಮೈದುನ ಶಾಂತಲಿಂಗಪ್ಪನ ಸ್ವಭಾವ ನಿನಗೆ ಗೊತ್ತು. ಬಾಗಿಲಲ್ಲೇ ಶುರುಮಾಡಿದ: ‘ವೈನಿ, ಮನಿ ಏನು ಧರ್ಮಶಾಲಾ ಮಾಡಾಕತ್ತೀರೇನು? ಹಿಂಗಾದ್ರ ನಾಳಿ ನಮ್ಮ ಅಂಗಡ್ಯಾಗ ಕುರಿ ಕಟ್ಟಬೇಕಾಗ್ತದ.’

‘ಕಟ್ಟು. ಗಿರಾಕಿ ಇಲ್ಲದಾಗ ಅವರ ಜೋಡಿ ಮಾತಾಡಾಕ ಬರ್ತದ’ ಎಂದೆ.

ಅವನ ಹೆಂಡತಿ ಕಸ್ತೂರಬಾಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಲ್ಲಿಗೆ ಮುಗಿಯಿತು. ಅಡಿಗೆ ಕೆಲಸಕ್ಕೆ ಬಂದವಳು, ಗಂಡ ಮುಂಬಯಿಯಲ್ಲಿ ಮಿಲ್ಲಿನಲ್ಲಿದ್ದಾನೆ ಎಂದು ಓಣಿಗೆ ಹೇಳಿದ್ದೇವೆ. ಹೇಳುವಾಗ ನನ್ನ ನಾಲಿಗೆ ತಡವರಿಸಲಿಲ್ಲ. ಅದಕ್ಕೇ ಸ್ವಲ್ಪ ಆಶ್ಚರ್ಯವಾಯಿತು.

ಮೊನ್ನೆ ಕಸ್ತೂರಬಾಯಿಯ ಮಗಳಿಗೆ ಬಳೆ ಇಡಿಸಿದರು. ಮುಂದಿನ ತಿಂಗಳು ಮದುವೆ. ನೆಂಟರೆಲ್ಲ ಪಡಸಾಲೆಯಲ್ಲಿದ್ದರು, ನಾನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ. ಸಕ್ಕು ಬಂದು, ‘ಅವ್ವಾರ, ನೀವು ಹೊರಗ ಹೋಗೂದಿಲ್ಲೇನ್ರಿ?’ ಎಂದಳು. ‘ನಿನ್ನ ಹಂಗ ನಾನೂ’ ಎಂದು ಕೈತೋರಿಸಿದೆ. ನನ್ನ ಬರಿಗೈ, ಅವಳ ಬರಿಗೈ. ಅವಳು ಹೋಳಿಗೆ ತಿರುವಿ ಹಾಕಿದಳು. ನಮ್ಮವರು ಹೋದ ಮೇಲೆ ಆರು ವರ್ಷದಿಂದ ಹೀಗೇ ಒಳಗಿದ್ದೇನೆ. ಯಾರೂ ಹೋಗು ಎಂದವರಿಲ್ಲ, ನಾನೇ ಹೋಗುತ್ತೇನೆ. ಅದು ಬಿಡು.

ನೀನು ಕಳಿಸಿದ ಮಂಡಳಿಯ ಇಂಗ್ಲಿಷ್ ಹಸ್ತಪತ್ರಿಕೆ ಓದಿದೆ. ಕನ್ನಡ ಮಾಡಿಕೊಡುತ್ತೇನೆ. ಬರೆದವರು ಪ್ರೀತಿಯಿಂದಲೇ ಬರೆದಿದ್ದಾರೆ, ಆ ಬಗ್ಗೆ ನನಗೆ ಸಂಶಯವಿಲ್ಲ. ಕೂಸಿನ ಉಗುರಿನ ತನಕ ಎಲ್ಲ ಇದೆ. ಹೆತ್ತವಳು ಮಾತ್ರ ಎಲ್ಲೂ ಇಲ್ಲ. ನಿನ್ನ ದೇವರು ಒಳಗಿನ ಕೂಸನ್ನು ನೋಡುತ್ತಾನೆ ಎನ್ನುತ್ತೀ, ಒಪ್ಪಿದೆ. ನನಗೆ ಕಾಣುವುದು ಸಕ್ಕುವಿನ ಕಾಲಿನ ಬಾವು.

ಒಂದು ಮಾತು ನೇರವಾಗಿ ಕೇಳುತ್ತೇನೆ. ‘ಕೂಸು ನನ್ನ ಹತ್ತಿರಾನ ಇರ್ತದಂತ ಬಾಯಾರು ಹೇಳ್ಯಾರ’ ಎಂದು ಅವಳು ದಿನಕ್ಕೊಮ್ಮೆ ಅನ್ನುತ್ತಾಳೆ. ಹೇಗೆ ಇರುತ್ತದೆ ಸುಗಲಾ? ಎಲ್ಲಿ ಇರುತ್ತದೆ?

ನೀಲಗಂಗಾ

•

ಅಕ್ಕಲಕೋಟ
16 ಏಪ್ರಿಲ್ 1974

ನೀಲಾ,

ನಿನ್ನ ಪ್ರಶ್ನೆ ಹಿಡಿದು ಸಾವಿತ್ರಿಬಾಯಿಯವರ ಹತ್ತಿರ ಹೋಗಿದ್ದೆ. ಅದಕ್ಕೇ ಇಷ್ಟು ತಡ.

ಮಂಡಳಿಯ ನಿಯಮ ಬೇರೆ. ಗಂಡನಿಲ್ಲದವಳ ಕೂಸು ಹುಟ್ಟಿ ತಿಂಗಳಾಗುವುದರೊಳಗೆ ಪುಣೆಯ ಕಡೆಯ ಒಂದು ಶಿಶುಗೃಹಕ್ಕೆ ಹೋಗಬೇಕು. ಅಲ್ಲಿಂದ ಒಳ್ಳೆಯ ಮನೆಗಳಿಗೆ ದತ್ತಕ ಕೊಡುತ್ತಾರೆ. ಸಾವಿತ್ರಿಬಾಯಿಯವರ ಮುಂದೆ ನಾನು ಕೊಟ್ಟ ಮಾತು ಹೇಳಿದೆ. ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು.

‘ಸುಗಲಾ, ನಾಳಿ ಆಕಿ ಕೂಸು ಬಗಲಾಗ ಇಟಗೊಂಡು ಎಲ್ಲಿ ನಿಲ್ತಾಳ? ನಿಮ್ಮ ಚರ್ಚಿನ ಕೋಣ್ಯಾಗ ಮುದುಕಿ ಆಗೂತನಕ ಇರ್ತಾಳೇನು? ಜೀವ ಉಳಿಸೂದು ನಮ್ಮ ಕೆಲಸ. ಆಕಿಗಿ ಸಂಸಾರ ಹಚ್ಚಿಕೊಡೂದು ನಮ್ಮ ಕೈಯಾಗಿಲ್ಲ’ ಎಂದರು.

ಅವರು ಕೆಟ್ಟವರಲ್ಲ. ಕಸದ ಗುಂಡಿಯಲ್ಲಿ ಸಿಕ್ಕ ಕೂಸುಗಳನ್ನು ತಮ್ಮ ಮಡಿಲಲ್ಲಿ ಹಾಕಿಕೊಂಡು ತಂದವರು. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಸುಳ್ಳು ಬಂದದ್ದು ನನ್ನ ಬಾಯಿಂದ. ಅವಳು ಗಿಡದ ಕೆಳಗಿಂದ ಎದ್ದರೆ ಸಾಕಾಗಿತ್ತು ನನಗೆ, ಯಾವ ಮಾತಿಗೆ ಏಳುತ್ತಾಳೋ ಅದನ್ನು ಹೇಳಿಬಿಟ್ಟೆ. ಈಗ ಆ ಮಾತು ನಿಜವಾಗಬೇಕು. ಹೇಗೆಂದು ಗೊತ್ತಿಲ್ಲ. ಅವಳಿಗೆ ಈಗಲೇ ಹೇಳಬೇಡ, ಕೈಮುಗಿಯುತ್ತೇನೆ. ಹೆರಿಗೆಗೆ ಇನ್ನೂ ಸಮಯವಿದೆ, ಏನಾದರೂ ದಾರಿ ಕಂಡೀತು.

ಪ್ರಾರ್ಥನೆ ಮಾಡುತ್ತೇನೆ. ನೀನು ನಗುತ್ತೀ, ಆದರೂ ಬರೆದೆ.

ಸುಗಲಾ

•

ಸೋಲಾಪುರ
3 ಜೂನ್ 1974

ಸುಗಲಾ,

ರೈಲ್ವೆ ಮುಷ್ಕರದಲ್ಲಿ ನಿನ್ನ ಎರಡು ಕಾರ್ಡು ಎಲ್ಲಿ ಮಲಗಿದ್ದವೋ, ಒಟ್ಟಿಗೆ ಬಂದವು. ನಾನು ನಗಲಿಲ್ಲ. ಪ್ರಾರ್ಥನೆ ಮಾಡು.

ಸಕ್ಕು ತುಂಬಿಕೊಂಡಿದ್ದಾಳೆ. ಮೊದಮೊದಲು ಕೋಣೆಯೊಳಗೆ ನಿದ್ದೆ ಹತ್ತುತ್ತಿರಲಿಲ್ಲ, ಈಗ ಹಿತ್ತಲಲ್ಲಿ ಹಾಸಿಕೊಳ್ಳುತ್ತಾಳೆ. ಸೆಕೆ ಇದೆಯೆಂದು ನಾನೂ ಅಲ್ಲೇ ಮಲಗುತ್ತೇನೆ. ಆಕಾಶ ನೋಡುತ್ತ ಒಂದೊಂದು ಕುರಿಯ ಹೆಸರು ಹೇಳುತ್ತಾಳೆ. ಶಾಂತಲಿಂಗಪ್ಪನಿಗೂ ರೂಢಿಯಾಗಿಬಿಟ್ಟಿದ್ದಾಳೆ. ಅಂಗಡಿಯಿಂದ ಬಂದವನೇ, ‘ಏನ್ ಸಕ್ಕು, ಇವತ್ತ ಎಷ್ಟ ಕುರಿ ಎಣಿಸಿದಿ?’ ಎನ್ನುತ್ತಾನೆ. ‘ಒಂದ ಕಡಿಮಿ ಆಗ್ಯದ್ರಿ ಧಣೇರ, ನಿಮ್ಮ ಅಂಗಡ್ಯಾಗ ಹೊಕ್ಕದೇನೋ ನೋಡ್ರಿ’ ಎಂದಳು ನಿನ್ನೆ. ಈ ಮನೆಯಲ್ಲಿ ಹೀಗೆ ನಗು ಕೇಳಿ ಬಹಳ ದಿನವಾಗಿತ್ತು.

ಬಳೆಗಾರ ಬಂದಿದ್ದ. ಕಸ್ತೂರಬಾಯಿ ಇಡಿಸಿಕೊಂಡಳು. ಸಕ್ಕು ಕಂಬದ ಹಿಂದೆ ನಿಂತು ಹಸಿರು ಬಳೆಯ ಸರವನ್ನೇ ನೋಡುತ್ತಿದ್ದಳು. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡ ಹುಡುಗಿಗೆ ಎಲ್ಲರೂ ಹಸಿರು ಬಳೆ ಇಡಿಸಿ ಉಡಿ ತುಂಬುವ ಕಾಲ ಇದು. ಅವಳಿಗೆ ಯಾರು ತುಂಬಬೇಕು? ನಾನು ತುಂಬುವ ಹಾಗಿಲ್ಲ. ತುಂಬುವ ಹಾಗಿರುವ ಕಸ್ತೂರಬಾಯಿ, ಗಂಡ ಸತ್ತವಳಿಗೆ ತುಂಬಲಾರಳು. ಹುಡುಗಿ ಒಳಗೆ ಹೋಗಿ ಬೇಳೆ ಆರಿಸಲು ಕೂತಳು.

ಮಿರಗ ಯಾವಾಗ ಕೂಡುತ್ತದೆ ಎಂದು ಪಂಚಾಂಗ ನೋಡಿಸಿಕೊಂಡಳು. ಇನ್ನು ನಾಲ್ಕು ದಿನ ಎಂದೆ. ಊರಿನ ಮಳೆಯ ಚಿಂತೆ ಇರಬೇಕು.

ಹಳೆಯ ಸೀರೆಗಳು ಪೆಟ್ಟಿಗೆಯಲ್ಲಿ ಸುಮ್ಮನೆ ಕೊಳೆಯುತ್ತಿದ್ದವು, ಒಂದು ಸಣ್ಣ ಕೌದಿ ಹೊಲಿದೆ. ಹೊತ್ತು ಹೋಗಬೇಕಲ್ಲ. ಅಟ್ಟದ ಮೇಲಿನ ತೊಟ್ಟಿಲನ್ನೂ ಇಳಿಸಿ ಎಣ್ಣೆ ಹಚ್ಚಿದ್ದೇನೆ, ಹುಳ ಹಿಡಿದೀತೆಂದು. ನಾನು ಮದುವೆಯಾಗಿ ಬಂದ ವರ್ಷ ನಮ್ಮವರು ಹೊಸದಾಗಿ ಮಾಡಿಸಿದ್ದು. ಕಸ್ತೂರಬಾಯಿಯ ಮಕ್ಕಳು ತವರಿನ ತೊಟ್ಟಿಲಲ್ಲೇ ಬೆಳೆದರು. ಇದು ಹಾಗೆಯೇ ಉಳಿಯಿತು.

ಕೂಸನ್ನು ಪುಣೆಗೆ ಕಳಿಸಲೇಬೇಕೆಂದು ಇದೆಯೆ? ಹತ್ತಿರದ ಒಳ್ಳೆಯ ಮನೆಯೂ ಮನೆಯೇ ಅಲ್ಲವೆ? ಸುಮ್ಮನೆ ಕೇಳಿದೆ.

ನೀಲಾ

•

ಅಕ್ಕಲಕೋಟ
14 ಜೂನ್ 1974

ನೀಲಾ,

ಅವನು ಬಂದ.

ನಿನ್ನೆ ಸಂಜೆ ಮಳೆ ಬಿಟ್ಟ ಮೇಲೆ ಸಾಲೆಯ ಮೆಟ್ಟಿಲ ಮೇಲೆ ಒಬ್ಬ ನಿಂತಿದ್ದ. ಹೆಗಲ ಮೇಲಿನ ಕಂಬಳಿ ತೊಯ್ದು ತೊಟ್ಟಿಕ್ಕುತ್ತಿತ್ತು, ಕುರಿಯ ವಾಸನೆ. ಒಳಗೆ ಬಾ ಎಂದರೆ ಬರಲಿಲ್ಲ.

‘ಹನ್ನೂರ ಸಕ್ಕುಬಾಯಿ ನಿಮ್ಮ ಕಡಿ ಬಂದಿದ್ಲಂತ ದವಾಖಾನಿ ಆಯಾ ಹೇಳಿದ್ಲು. ಎಲ್ಲಿ ಅದಾಳ್ರಿ ಬಾಯಾರ?’

‘ನೀ ಯಾರಪಾ?’

‘ನಾ ಭೀಮಣ್ಣರಿ. ಅಕಿ ಗಂಡಾ ನಾನೂ ಒಂದ ಹಿಂಡು ಕಾಯ್ದವ್ರು. ದೀಪಾವಳಿ ಆದಮ್ಯಾಲ ಕುರಿ ಹೊಡಕೊಂಡು ಬೀಡ ಜಿಲ್ಲಾ ಕಡಿ ಹೋಗಿದ್ದೆ. ಮಿರಗಕ್ಕ ತಿರಗಿ ಬಂದು ಉಡಿಕಿ ಮಾಡಕೋತೀನಂತ ಅಮೋಗಸಿದ್ಧ ಮಾಮಾಗ ಹೇಳೇ ಹೋಗಿದ್ನಿ. ಬಂದ ನೋಡ್ತೀನಿ, ಅಕಿನ ಇಲ್ಲ.’

ನೀಲಾ, ನನಗೆ ಒಮ್ಮೆಲೇ ಅರ್ಥವಾಗಲಿಲ್ಲ. ‘ಮಾವ ಒಪ್ಪಿದ್ದನೇನು?’ ಎಂದೆ. ಅವನು ನನ್ನನ್ನು ದಡ್ಡಿಯ ಹಾಗೆ ನೋಡಿದ. ‘ಒಪ್ಪದ ಏನ್ಮಾಡ್ತಾನ್ರಿ? ಸಣ್ಣ ವಯಸ್ಸಿನಾಕಿ. ನಮ್ಮಾಗ ಮೊದಲಿಂದ ಅದ ಅದು.’

ಉಡಿಕೆ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬ ಗಂಡನಿಗೆ ಒಪ್ಪಿಸುವುದು. ಹೆಸರು ನಾನು ಕೇಳಿರಲಿಲ್ಲವೆಂದಲ್ಲ. ಇಷ್ಟು ವರ್ಷ ಈ ಸೀಮೆಯಲ್ಲಿದ್ದೂ ಅವಳ ಬದುಕಿನಲ್ಲಿ ಅದು ಇರಬಹುದೆಂದು ಹೊಳೆಯಲಿಲ್ಲ. ಬಸುರಾದ ವಿಧವೆ ಎಂದೊಡನೆ ನನಗೆ ಕಂಡದ್ದು ಬಾವಿ, ಹಗ್ಗ, ಊರಾಚೆ. ಅದು ನಮ್ಮ ಪಡಸಾಲೆಗಳಲ್ಲಿ ಕಲಿತ ಹೆದರಿಕೆ. ಅದನ್ನೇ ಅವಳಿಗೆ ತೊಡಿಸಿ ಎಸ್.ಟಿ. ಹತ್ತಿಸಿದೆ.

‘ಹೊಟ್ಟಿ ಮುಂದ ಮಾಡಕೊಂಡು ಓಡಿ ಹೋದ್ಲಂತ ಊರ ಮಂದಿ ನಗಾಕತ್ಯಾರ್ರಿ’ ಎಂದ. ‘ಅದು ನಂದರಿ. ನಗಲಿ. ಜೀವಂತ ಅದಾಳೋ ಇಲ್ಲೋ ಅಷ್ಟ ಹೇಳ್ರಿ.’

ನಾನು ಏನು ಹೇಳಿದೆ ಗೊತ್ತೆ? ‘ನನಗ ಗೊತ್ತಿಲ್ಲಪಾ’ ಎಂದೆ. ಹೆಣ್ಣುಮಕ್ಕಳನ್ನು ಕೇಳಿಕೊಂಡು ಬಂದವರಿಗೆ ಏನೂ ಹೇಳಬಾರದು, ಅದು ಮಂಡಳಿಯ ಕಟ್ಟುನಿಟ್ಟು. ಒಳ್ಳೆಯ ನಿಯಮವೇ. ಹಿಂದೆ ಒಬ್ಬಳ ಅಣ್ಣ ಹೀಗೇ ಮೆತ್ತಗೆ ಮಾತಾಡುತ್ತ ಬಂದು ಅವಳ ಕೈ ಮುರಿದು ಹೋಗಿದ್ದ. ಇವನೂ ಅಂಥವನಲ್ಲ ಎಂದು ನಾನು ಹೇಗೆ ಹೇಳಲಿ? ಆದರೆ ಅವನು ಮೆಟ್ಟಿಲಿಳಿದು ಹೋಗುವಾಗ ಕಂಬಳಿ ತಲೆಗೆ ಹಾಕಿಕೊಳ್ಳುವುದನ್ನೂ ಮರೆತಿದ್ದ, ಮಳೆ ಮತ್ತೆ ಶುರುವಾಗಿತ್ತು.

ಅವಳಿಗೆ ಹೇಳು. ಅವನು ಬಂದಿದ್ದನೆಂದು ಹೇಳು, ಹೋಗುವುದೋ ಬಿಡುವುದೋ ಅವಳೇ ಹೇಳಲಿ. ಉತ್ತರ ಕೂಡಲೇ ಬರಿ.

ಸುಗಲಾ

•

ಸೋಲಾಪುರ
29 ಜೂನ್ 1974

ಸುಗಲಾ,

ನಿನ್ನ ಪತ್ರ ಬಂತು. ಇಲ್ಲಿ ಮಳೆ ಚೆನ್ನಾಗಿದೆ. ಶಾಂತಲಿಂಗಪ್ಪನಿಗೆ ನೆಗಡಿ. ಸಕ್ಕು ಆರಾಮಾಗಿದ್ದಾಳೆ, ಲೇಡಿ ಡಾಕ್ಟರರು ನೋಡಿ ಎಲ್ಲ ಸರಿ ಇದೆ ಎಂದರು. ಹಸ್ತಪತ್ರಿಕೆಯ ಕನ್ನಡ ಅರ್ಧ ಆಗಿದೆ.

ಅಂಥ ಗಂಡಸರ ಮಾತು ಎಷ್ಟು ನಂಬುವುದು ಎಂದು ನೀನೇ ಮೊದಲ ಪತ್ರದಲ್ಲಿ ಬರೆದಿದ್ದೆ. ಹೆರಿಗೆ ಹತ್ತಿರ ಬಂದಿರುವಾಗ ಅವಳ ಮನಸ್ಸು ಕಲಕುವುದು ಬೇಡವೆನಿಸುತ್ತದೆ.

ನೀಲಗಂಗಾ

•

ಅಕ್ಕಲಕೋಟ
3 ಜುಲೈ 1974

ನೀಲಾ,

ನೀನು ಹೇಳಿಲ್ಲ.

ಯಾಕೆಂದು ಕೇಳುವುದಿಲ್ಲ. ತೊಟ್ಟಿಲಿಗೆ ಎಣ್ಣೆ ಹಚ್ಚಿದೆ ಎಂದು ಬರೆದಿದ್ದೆ. ಆ ಪತ್ರವನ್ನು ನಾನು ಮತ್ತೆ ಓದಿದೆ.

ನಿನಗೆ ಉಪದೇಶ ಮಾಡುವ ಬಾಯಿ ನನಗಿಲ್ಲ. ಆ ಕೂಸು ಬೇಕೆಂದು ನಾನು ಅವಳಿಗೆ ಸುಳ್ಳು ಹೇಳಿದವಳು. ಬದುಕಲಿ ಎಂದೇ ಹೇಳಿದೆ, ಆದರೂ ಅದು ಸುಳ್ಳೇ. ನಾವಿಬ್ಬರೂ ಆ ಕೂಸನ್ನು ನೋಡುತ್ತ ನೋಡುತ್ತ ಅವಳನ್ನು ದಾಟಿ ಹೋಗಿದ್ದೇವೆ.

ಭೀಮಣ್ಣ ಪ್ರತಿ ಸಂತೆಗೂ ಬಂದು ಮೆಟ್ಟಿಲ ಮೇಲೆ ಕೂಡುತ್ತಾನೆ. ನಿನ್ನೆ ನಾನೇ, ‘ಯಾಕಪಾ ಕುಂತಿ?’ ಎಂದೆ. ‘ನಿಮಗ ಗೊತ್ತದ್ರಿ ಬಾಯಾರ. ನೀವು ಸುಳ್ಳ ಹೇಳುವಾಗ ನಮ್ಮವ್ವನ ಹಂಗ ನೆಲಾ ನೋಡ್ತೀರಿ’ ಎಂದ. ಅವನ ಹಿರಿಯರು ಇನ್ನು ಹುಡುಕಿದ್ದು ಸಾಕು, ಪಂಚಮಿ ಮುಗಿದ ಮೇಲೆ ಬೇರೆ ಹೆಣ್ಣು ನೋಡೋಣ ಎನ್ನುತ್ತಿದ್ದಾರಂತೆ. ಮತ್ತೆ ಹಿಂಡಿನ ಜೊತೆ ಹೋಗುವ ಮೊದಲು ಅವನಿಗೊಂದು ಮನೆ ಆಗಬೇಕಂತೆ.

ಪುಣೆಯವರು ಆಗಸ್ಟಿನಲ್ಲಿ ಬರುತ್ತಾರೆ.

ನಿಯಮ ಮುರಿಯುತ್ತೇನೆಂದು ಸಾವಿತ್ರಿಬಾಯಿಯವರಿಗೆ ಬರೆದಿದ್ದೇನೆ. ಮಂಡಳಿಯಿಂದ ತೆಗೆದರೂ ತೆಗೆಯಲಿ. ಮುಂದಿನ ಭಾನುವಾರದೊಳಗೆ ನಿನ್ನಿಂದ ಏನೂ ಬರದಿದ್ದರೆ ನಾನೇ ಭೀಮಣ್ಣನನ್ನು ಕರೆದುಕೊಂಡು ವಿಜಾಪುರ ರಸ್ತೆಗೆ ಬರುತ್ತೇನೆ. ಆದರೆ ನೀನೇ ಹೇಳಿದರೆ ಒಳ್ಳೆಯದು. ಅವಳಿಗಲ್ಲ, ನಿನಗೆ.

ಸುಗಲಾ

•

ಸೋಲಾಪುರ
18 ಜುಲೈ 1974

ಸುಗಲಾ,

ನಿನ್ನೆ ಕುಂಭಾರಿಯಲ್ಲಿ, ಭೀಮಣ್ಣನ ಸೋದರತ್ತೆಯ ಮನೆಯಲ್ಲಿ, ನಿನ್ನ ಜೊತೆ ಎರಡು ಮಾತೂ ಆಡಲಾಗಲಿಲ್ಲ. ಅವರೆಲ್ಲ ಅವಸರದಲ್ಲಿದ್ದರು, ನಿನ್ನನ್ನು ಬಾಗಿಲಿಂದ ಆಚೆ ನಿಲ್ಲಿಸಿಬಿಟ್ಟರು. ಒಳಗೆ ಏನಾಯಿತೆಂದು ತಿಳಿಯದೆ ನಿನಗೆ ನಿದ್ದೆ ಬಂದಿರಲಿಕ್ಕಿಲ್ಲ, ಅದಕ್ಕೇ ಬೆಳಗಾಗುತ್ತಲೇ ಬರೆಯಲು ಕೂತೆ.

ಮೊದಲು ಹಿಂದಿನದು. ನಿನ್ನ ಪತ್ರ ಬಂದ ದಿನ ಓದಿ ಮಡಚಿ ಇಟ್ಟೆ. ಮರುದಿನ ಸಕ್ಕು ಹಿತ್ತಲಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಅದರಿಂದಲೇ ಹೇಳಲಾಯಿತು.

‘ಸಕ್ಕು, ಭೀಮಣ್ಣ ಬಂದಾನಂತ.’

ಕೈ ನಿಂತಿತು. ‘ಯಾವಾಗ್ರಿ?’ ಎಂದಳು.

‘ಮಿರಗಕ್ಕ.’

‘ನಾ ಬಾಯಾರಿಗಿ ಹೇಳಿದ್ದೆನಲ್ರಿ’ ಎಂದಳು. ಸಿಟ್ಟಿರಲಿಲ್ಲ. ನಾವು ಇಷ್ಟು ತಡವಾಗಿ ತಿಳಿದುಕೊಂಡೆವಲ್ಲ ಎಂಬ ಅಚ್ಚರಿ ಇತ್ತು, ಅಷ್ಟೇ.

ಬರುತ್ತಾನೆಂದು ಗೊತ್ತಿದ್ದರೆ ಆಸ್ಪತ್ರೆಗೆ ಯಾಕೆ ಬಂದಿದ್ದೆ ಎಂದು ಕೇಳಿದೆ. ‘ಅವ ಬರೂದ್ರಾಗ ಹೊಟ್ಟಿ ಕಾಣ್ತಿತ್ತಲ್ರಿ ಅವ್ವಾರ. ಉಡಿಕಿಕಿಂತ ಮೊದಲ ಹೊಟ್ಟಿ ಕಂಡ್ರ ಪಂಚರು ಮಾವನ್ನ ನಡುವ ನಿಂದರಸ್ತಾರ, ದಂಡಾ ಹಾಕ್ತಾರ. ಮುದುಕಗ ಅದ ಯಾಕ ಅಂತ ಹೋಗಿದ್ನಿ. ಬಾಯಾರು ಕೂಸು ನನ್ನ ಹತ್ತಿರಾನ ಇರ್ತದ ಅಂದ್ರು. ಹಂಗಾರ ಇರಲಿ, ದಂಡಾ ಬೀಳಲಿ ಅನಸ್ತು. ಅವ ಬಂದಕೂಡ್ಲೆ ಬಾಯಾರು ಹೇಳಿ ಕಳಸ್ತಾರಂತ ತಿಳಿದಿದ್ನಿ.’

ಆಮೇಲೆ ಮತ್ತೆ ಎಣ್ಣೆ ತಿಕ್ಕತೊಡಗಿದಳು, ಜೋರಾಗಿ. ನನ್ನ ತಲೆ ಅತ್ತಿತ್ತ ಅಲ್ಲಾಡುತ್ತಿತ್ತು. ಅಳುತ್ತಿದ್ದಳೋ ನಗುತ್ತಿದ್ದಳೋ, ತಿರುಗಿ ನೋಡಲಿಲ್ಲ. ಆ ಸಂಜೆಯೇ ನಿನಗೆ ತಂತಿ ಕೊಟ್ಟದ್ದು, ಭೀಮಣ್ಣನಿಗೆ ಹೇಳು ಎಂದು.

ನೋಡು, ನೀನು ಸುಳ್ಳು ಎಂದು ಕೊರಗುತ್ತಿದ್ದ ಆ ಒಂದೇ ಮಾತಿಗೆ ಅವಳು ಗಿಡದ ಕೆಳಗಿಂದ ಎದ್ದಳು. ಅದರಿಂದಲೇ ಕೂಸು ಇದೆ. ಆ ಮಾತು ನಿಜವಾಗಲು ಬೇಕಾದ ಮನುಷ್ಯನ ಸುದ್ದಿಯನ್ನೂ ಅವಳು ಅಲ್ಲೇ, ಅದೇ ಹೊತ್ತಿಗೆ ನಿನ್ನ ಕೈಯಲ್ಲಿ ಇಟ್ಟಿದ್ದಳು. ಇದನ್ನು ನಿನ್ನ ಪರವಾಗಿ ಹೇಳುತ್ತಿದ್ದೇನೋ ವಿರೋಧವಾಗಿಯೋ, ನನಗೇ ತಿಳಿಯದು. ಕಟ್ಟೆಯ ಮೇಲಿನ ನಮ್ಮ ಜಗಳದಲ್ಲಿ ಯಾರು ಗೆದ್ದರೆಂದು ಇದರಿಂದ ಗೊತ್ತಾಗುವುದೂ ಇಲ್ಲ. ಹಸ್ತಪತ್ರಿಕೆಯ ಕನ್ನಡ ಮುಗಿಸಿದ್ದೇನೆ. ಇಂಗ್ಲಿಷಿನಲ್ಲಿಲ್ಲದ ಒಂದು ಸಾಲು ಎಲ್ಲಕ್ಕಿಂತ ಮೇಲೆ ಸೇರಿಸಿದ್ದೇನೆ, ಓದಿಹೇಳುವವರಿಗೆ: ‘ಮೊದಲು ಆಕೆಯ ಮಾತು ಪೂರ್ತಿ ಕೇಳಿರಿ.’ ಸಾವಿತ್ರಿಬಾಯಿಯವರು ಹೊಡೆದು ಹಾಕಿದರೆ ಹಾಕಲಿ. ಹಾಕಲಾರರು. ಅವರೇ ಹಸಿರು ಕುಪ್ಪಸದ ಖಣ ಕಳಿಸಿದ್ದಾರೆಂದು ನೀನು ನಿನ್ನೆ ಬಾಗಿಲಲ್ಲಿ ನನ್ನ ಕೈಗೆ ತುರುಕಿದೆಯಲ್ಲ.

ಇನ್ನು ನಿನ್ನೆಯ ಮಾತು. ಆಷಾಢದಲ್ಲಿ ಮದುವೆಯೆ ಎಂದು ಕಸ್ತೂರಬಾಯಿ ಗಲ್ಲಕ್ಕೆ ಬೆರಳಿಟ್ಟಿದ್ದಳು. ಉಡಿಕೆಗೆ ತಿಥಿ ಬೇಡ, ಮುಹೂರ್ತ ಬೇಡ. ಕೂಸು ಹುಟ್ಟುವುದರೊಳಗೆ ಆಗಬೇಕೆಂಬ ಅವಸರ ಒಂದೇ. ದಂಡ ಎಷ್ಟು ಹಾಕಿದರೋ ಕೇಳಲಿಲ್ಲ. ಅಮೋಗಸಿದ್ಧ ಅದನ್ನು ಕಟ್ಟಿ ಗೋಡೆಗೊರಗಿ ಕೂತಿದ್ದ, ಎಲ್ಲರ ಮುಂದೆ ಅವಳಿಗೆ, ‘ಹೇಳಿ ಹೋಗಬೇಕಿಲ್ಲೇನ ಖೋಡಿ’ ಎಂದು ಒಂದು ಬೈಗುಳ ಬೈದ. ಆ ಕೈ ಭಾಳ ಇರುವ ಮುದುಕ ಆ ಕೈಯಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ.

ಭೀಮಣ್ಣನ ಸೋದರತ್ತೆ ನಿಮ್ಮನ್ನು ತಡೆದಳಲ್ಲ: ‘ಗಂಡ ಇದ್ದಾಕ್ಯಾರು ಒಳಗ ಬರಬ್ಯಾಡ್ರಿ. ಉಡಿಕಿ ನೋಡಬಾರದು ನೀವು.’ ನೀನೂ ಕಸ್ತೂರಬಾಯಿಯೂ ಬಾಗಿಲಲ್ಲಿ ನಿಂತಿರಿ. ನಾನು ರೂಢಿಯಂತೆ ನಿಮಗಿಂತ ಹಿಂದೆ, ಗೋಡೆಯ ಮಗ್ಗುಲಿಗೆ ಸರಿದಿದ್ದೆ. ಆಕೆ ನನ್ನ ಬರಿಗೈ ನೋಡಿ ರಟ್ಟೆ ಹಿಡಿದು ಎಳೆದಳು. ‘ನೀವ್ಯಾಕ ಹೊರಗ ನಿಂತೀರಿ? ನೀವು ಬೇಕಲ್ಲ! ಬರ್ರಿ, ಬರ್ರಿ, ಕತ್ತಲಾಗಾಕತ್ತದ.’

ಆರು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ ಸುಗಲಾ.

ಒಳಗೆ ಇದ್ದವರೆಲ್ಲ ನನ್ನಂಥವರು, ಇಲ್ಲವೆ ತಾವೇ ಉಡಿಕೆಯಾದವರು. ವಾದ್ಯವಿಲ್ಲ, ಅಕ್ಷತೆಯಿಲ್ಲ. ಒಂದು ಎಣ್ಣೆದೀಪ. ನಮ್ಮ ಅಜ್ಜಿಯ ಕಾಲದ ತನಕ ನಮ್ಮಲ್ಲೂ ಉಡಿಕೆ ಇತ್ತಂತೆ, ಅಂಗಡಿ ದೊಡ್ಡದಾದ ಮೇಲೆ ನಿಂತಿತಂತೆ. ಯಾರೋ ಹಿಂದೊಮ್ಮೆ ಹೇಳಿದ್ದರು, ಆಗ ನಾನು ಕಿವಿಗೊಟ್ಟಿರಲಿಲ್ಲ.

ಹೊಸ ಸೀರೆ ಉಡಿಸಿದೆವು. ಹೊಟ್ಟೆಯ ಮೇಲೆ ನೆರಿಗೆ ನಿಲ್ಲದೆ ಎಲ್ಲರೂ ನಕ್ಕೆವು. ‘ಇಬ್ಬರಿಗಿ ಒಂದ ಸೀರಿ ಸಾಕಾಗೂದಿಲ್ಲ’ ಎಂದಳು ಒಬ್ಬ ಮುದುಕಿ. ಹಸಿರು ಬಳೆಯ ಸರ ನನ್ನ ಕೈಗೆ ಕೊಟ್ಟರು. ಬಾವು ಬಂದ ಕೈಗೆ ಬಳೆ ಹತ್ತುವುದು ಕಷ್ಟ, ಒಂದೊಂದೇ ಏರಿಸಿದೆ. ಒಂದೂ ಒಡೆಯಲಿಲ್ಲ. ಆಮೇಲೆ ಅಕ್ಕಿ, ಕೊಬ್ಬರಿಬಟ್ಟಲು, ಸಾವಿತ್ರಿಬಾಯಿಯವರ ಖಣ, ಎಲ್ಲ ಅವಳ ಉಡಿಗೆ ನಾನೇ ಹಾಕಿದೆ. ಅವಳು ತಲೆಬಾಗಿ ಸೆರಗೊಡ್ಡಿ ಕೂತಿದ್ದಳು. ಅಕ್ಕಿಯ ಭಾರಕ್ಕೋ ಏನೋ ಕೂಸು ಒದೆಯಿತಂತೆ, ‘ಅವ್ವಾರ!’ ಎಂದು ನನ್ನ ಕೈ ಹಿಡಿದು ಅಲ್ಲಿಟ್ಟುಕೊಂಡಳು. ಹೌದು, ಒದೆಯುತ್ತಿತ್ತು.

ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತೆಂದು ನಿನಗೆ ಬರೆಯುವುದಿಲ್ಲ. ನೀನು ಕೇಳುವವಳೂ ಅಲ್ಲ.

ಕಡೆಗೆ ಹೆಣ್ಣನ್ನು ಒಪ್ಪಿಸಿಕೊಡಬೇಕು. ಸೋದರತ್ತೆ ಎದ್ದು ನಿಂತು ಕೇಳಿದಳು, ‘ಇಕಿ ತವರಮನ್ಯಾವ್ರು ಯಾರದೀರಿ?’

ಇರುವವರು ಯಾರು? ಸಕ್ಕು ಉಡಿಯನ್ನು ಎರಡೂ ಕೈಯಿಂದ ಬಿಗಿಹಿಡಿದು ನೆಲ ನೋಡುತ್ತಿದ್ದಳು. ಸೋದರತ್ತೆ ಇನ್ನೊಮ್ಮೆ ಕೇಳಿದಳು. ‘ಯಾರರೆ ಹೇಳ್ರೆವ್ವಾ, ನಾಳಿ ಬಾಣಂತನಾ ಮಾಡಾವ್ರು ಯಾರು?’

‘ನಾನು’ ಎಂದೆ.

ಈಗ ಒಳಗಿನಿಂದ ಶಾಂತಲಿಂಗಪ್ಪ ಕೂಗುತ್ತಿದ್ದಾನೆ: ‘ವೈನಿ, ಈ ತೊಟ್ಟಿಲಾ ಮತ್ತ ಅಟ್ಟದ ಮ್ಯಾಲ ಇಡ್ಲೇನು?’ ‘ಬ್ಯಾಡ, ಬಾಣಂತಿ ಬರ್ತಾಳ’ ಎಂದು ಹೇಳಿಬರಬೇಕು. ಪತ್ರವನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ನಿನ್ನ ನೀಲಾ